"ಖಾತ್ರಿನಾ?" ಅಂತ ಕೇಳಿದರೆ ಕಾಕಾ ಎಂಟರ್ ಒತ್ತಿಬಿಡ್ತಾರೆ

ಪ್ರಶ್ನೆ: ವಿಜಯಪುರದ ಎಪಿಎಂಸಿಯಲ್ಲಿ ನಮ್ಮ ಕಾಕಾನದು ಒಣದ್ರಾಕ್ಷಿ ಅಡತಿ ಅಂಗಡಿ. ಬಿಲ್ಲಿಂಗ್ ಸಾಫ್ಟ್‌ವೇರ್ ನಾನೇ ಬರೆದುಕೊಟ್ಟಿದ್ದೇನೆ. ಮೊದಲು ಏನೇ ಅಳಿಸಿದರೂ "ಖಾತ್ರಿನಾ?" ಅಂತ ಒಂದು ಡಬ್ಬಿ ಬರುತ್ತಿತ್ತು. ಕಾಕಾ ಸಿಟ್ಟಾದರು. "ಮಾತಿಗೊಮ್ಮೆ ಕೇಳ್ತೈತಲ್ಲೋ ತಮ್ಮಾ, ಸೀಜನ್‌ದಾಗ ಕೆಲಸ ಆಗೂದಿಲ್ಲ, ತಗದ ಹಾಕು" ಅಂದರು. ತೆಗೆದೆ. ಹೋದ ವಾರ ತಿಕೋಟಾದ ರೈತರೊಬ್ಬರ ಪಟ್ಟಿ (ಮಾಲು ಮಾರಿದ ಲೆಕ್ಕದ ಚೀಟಿ) ಅಳಿಸಲು ಹೋಗಿ ಆ ದಿನದ 47 ಪಟ್ಟಿಗಳನ್ನೂ ಅಳಿಸಿಬಿಟ್ಟರು. ಈಗ "ಒಂದ್ ಮಾತ್ ಕೇಳಬಾರದೇನು ಅದು" ಅಂತ ನನಗೇ ಬೈತಾರೆ. ಕೇಳಬೇಕೋ, ಬೇಡವೋ?

ಉತ್ತರ: ನಿಮ್ಮ ಕಾಕಾ ಎರಡು ಸಲ ಹೇಳಿದ್ದೂ ಸರಿಯಾಗಿಯೇ ಇದೆ. ತಪ್ಪು ನಿಮ್ಮದು. ಬೇಜಾರಾಗಬೇಡಿ, ಇದಕ್ಕಿಂತ ದೊಡ್ಡ ತಪ್ಪು ನಾನು ಮಾಡಿದ್ದೇನೆ, ಆಮೇಲೆ ಹೇಳುತ್ತೇನೆ.

ಮೊದಲು ಆ ಡಬ್ಬಿಯ ವಿಷಯ. ಯಾವಾಗಲೋ ಒಮ್ಮೆ ಕೇಳಿದರೆ ಜನ ಓದುತ್ತಾರೆ. ದಿನಕ್ಕೆ ಐವತ್ತು ಸಲ ಕೇಳಿದರೆ ಮೊದಲ ದಿನ ಓದುತ್ತಾರೆ, ಎರಡನೇ ದಿನ ಸುಮ್ನೆ ನೋಡುತ್ತಾರೆ, ಮೂರನೇ ದಿನದಿಂದ ಡಿಲೀಟ್ ಮತ್ತು ಎಂಟರ್ ಎರಡೂ ಸೇರಿ ಕೈಗೆ ಒಂದೇ ಕೀ ಆಗಿಬಿಡುತ್ತದೆ. ಬೇಕಾದರೆ ಡಬ್ಬಿ ಮತ್ತೆ ಹಾಕಿ ಪರೀಕ್ಷೆ ಮಾಡಿ. ಕಾಕಾ ಆ ಡಬ್ಬಿಗೆ ಎಂಟರ್ ಒತ್ತಿದ ಕೂಡಲೇ "ಈಗ ಏನು ಕೇಳಿತು?" ಅಂತ ಕೇಳಿ ನೋಡಿ. "ಏನೋ ಕೇಳ್ತು" ಅಂತಾರೆ. ಅಂದರೆ ಹೋದ ವಾರ ಆ ಡಬ್ಬಿ ಇದ್ದಿದ್ದರೂ 47 ಪಟ್ಟಿ ಹೋಗುತ್ತಿದ್ದವು, ಅಷ್ಟೇ. ಆಗ ನೀವು "ಕೇಳಿತ್ತಲ್ಲ ಕಾಕಾ, ನೀವೇ ಹೂಂ ಅಂದ್ರಿ" ಅಂತ ತಪ್ಪಿಸಿಕೊಳ್ಳಬಹುದಿತ್ತು. ಬಹಳಷ್ಟು ಸಾಫ್ಟ್‌ವೇರ್‌ಗಳಲ್ಲಿ ಆ ಡಬ್ಬಿ ಇರುವುದೇ ಅದಕ್ಕೆ ಅಂತ ನನಗೆ ಅನುಮಾನ.

ಈಗ ನನ್ನ ಕಥೆ. ಸುಮಾರು ವರ್ಷಗಳ ಹಿಂದೆ ಬೆಳಗಾವಿ ಜಿಲ್ಲೆಯಲ್ಲೇ ಒಂದು ಕಡೆ ಕಬ್ಬಿನ ತೂಕದ ಕಾಟಾಕ್ಕೆ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಎಫ್2 ಒತ್ತಿದರೆ ಹೊಸ ಗಾಡಿ, ಎಫ್3 ಒತ್ತಿದರೆ ಸೇವ್, ಎಫ್4 ಒತ್ತಿದರೆ ಪರದೆ ಖಾಲಿ. ಸಾಲಾಗಿ ಇಟ್ಟರೆ ನೆನಪಿಡಲು ಸುಲಭ ಅಂತ ನನಗೆ ಬಲು ಹೆಮ್ಮೆ. ಸೀಜನ್ ಶುರುವಾಯಿತು. ರಾತ್ರಿ ಹನ್ನೊಂದಕ್ಕೆ ಹೊರಗೆ ಟ್ರ್ಯಾಕ್ಟರ್ ಸಾಲು, ಒಳಗೆ ಆಪರೇಟರ್ ಹುಡುಗ ಒಂದು ಕೈಯಲ್ಲಿ ಚಹಾ ಹಿಡಿದುಕೊಂಡು ಪರದೆ ನೋಡದೇ ಇನ್ನೊಂದು ಕೈಯಲ್ಲಿ ಒತ್ತುತ್ತಿದ್ದ. ಎಫ್3 ಅಂದುಕೊಂಡು ಎಫ್4 ಒತ್ತಿದರೆ ಗಾಡಿ ನಂಬರು, ರೈತರ ಹೆಸರು, ತೂಕ ಎಲ್ಲಾ ಹಾರಿಹೋಗುತ್ತಿತ್ತು. ಅಷ್ಟರಲ್ಲಿ ಗಾಡಿ ಕಾಟಾದಿಂದ ಕೆಳಗೆ ಇಳಿದಿರುತ್ತಿತ್ತು. ಮತ್ತೆ ಹಿಂದಕ್ಕೆ ತಗೋ ಅಂದರೆ ಡ್ರೈವರ್ ಸುಮ್ಮನಿರುತ್ತಾನಾ? ಒಂದು ರಾತ್ರಿ ಪಕ್ಕದಲ್ಲಿ ಕೂತು ನೋಡಿದೆ. ಕಣ್ಣೆದುರೇ ಮೂರು ಸಲ ಆಯ್ತು. ಮರುದಿನ ಎಫ್4 ಕಿತ್ತುಹಾಕಿ ಪರದೆ ಖಾಲಿ ಮಾಡುವುದನ್ನು ಎಫ್12ಕ್ಕೆ ಒಯ್ದೆ. ಜೊತೆಗೆ ಖಾಲಿಯಾಗಿದ್ದನ್ನು ವಾಪಸ್ ತರುವ ಒಂದು ಕೀ ಕೊಟ್ಟೆ. "ಖಾತ್ರಿನಾ?" ಅಂತ ಎಲ್ಲೂ ಕೇಳಲಿಲ್ಲ.

ನಿಮಗೆ ಹೇಳುವುದೂ ಅದೇ. ಕೇಳಬೇಡಿ, ಅಳಿಸಲು ಬಿಡಿ, ಆದರೆ ವಾಪಸ್ ಬರುವ ಹಾಗೆ ಅಳಿಸಿ. ಡೇಟಾಬೇಸ್‌ನಿಂದ ಸಾಲನ್ನೇ ತೆಗೆಯಬೇಡಿ. "ಅಳಿಸಿದ್ದು" ಅಂತ ಒಂದು ಕಾಲಂ ಇಟ್ಟು ಅದರಲ್ಲಿ ಹೊತ್ತು ಬರೆದಿಡಿ, ಪರದೆಯ ಮೇಲೆ ಮಾತ್ರ ಕಾಣದಂತೆ ಮಾಡಿ. ಕೆಳಗೆ ಒಂದು ಪಟ್ಟೆ ಬರಲಿ: "ಪಟ್ಟಿ 31 ಅಳಿಸಿದೆ. ವಾಪಸ್ ತನ್ನಿ." ಹತ್ತು ಸೆಕೆಂಡ್ ಇದ್ದು ತಾನೇ ಹೋಗಲಿ. ಆಮೇಲೆ ನೆನಪಾದರೂ ಸಿಗುವಂತೆ "ಇವತ್ತು ಅಳಿಸಿದವು" ಅಂತ ಒಂದು ಕಡೆ ಎಲ್ಲಾ ಇರಲಿ. ವಿಂಡೋಸ್‌ನ ರೀಸೈಕಲ್ ಬಿನ್ 1995ರಿಂದ ಮಾಡುತ್ತಿರುವುದು ಇಷ್ಟೇ ಕೆಲಸ. ನಿಮ್ಮ ಕಾಕಾಗೆ ಇದು ಹೊಸದೇನೂ ಅಲ್ಲ. ಹಳೇ ಗುಮಾಸ್ತರು ಕಿರ್ದಿಯಲ್ಲಿ ತಪ್ಪಾದರೆ ಹಾಳೆ ಹರಿಯುತ್ತಿದ್ದರಾ? ಅಡ್ಡ ಗೆರೆ ಎಳೆದು ಪಕ್ಕಕ್ಕೆ "ರದ್ದು" ಅಂತ ಬರೆದು ಸಹಿ ಹಾಕುತ್ತಿದ್ದರು. ಪ್ರಿಂಟ್ ಆಗಿ ರೈತರ ಕೈ ಸೇರಿದ ಪಟ್ಟಿಗೆ ನೀವೂ ಹಾಗೇ ಮಾಡಿ. ಅದನ್ನು ಅಳಿಸಲು ಬಿಡಲೇಬೇಡಿ, ರದ್ದು ಅಂತ ಗುರುತು ಹಾಕಿ ನಂಬರ್ ಹಾಗೇ ಇರಲಿ.

ರೈತರಿಗೆ ಮೆಸೇಜ್ ಹೋಗುತ್ತದಾ? ಹೋದದ್ದನ್ನು ಹಿಂದಕ್ಕೆ ಎಳೆಯಲು ಬರುವುದಿಲ್ಲ. ಆದರೆ ತಡವಾಗಿ ಕಳಿಸಬಹುದು. ಜಿಮೇಲ್‌ನಲ್ಲಿ "ಅನ್‌ಡೂ ಸೆಂಡ್" ಅಂತ ಇದೆಯಲ್ಲ, ಅದು ಕಳಿಸಿದ ಮೇಲ್ ವಾಪಸ್ ತರುವುದಿಲ್ಲ. ನೀವು ಸೆಂಡ್ ಒತ್ತಿದ ಮೇಲೂ 5ರಿಂದ 30 ಸೆಕೆಂಡ್ ತನ್ನ ಹತ್ತಿರವೇ ಇಟ್ಟುಕೊಂಡು ಕೂರುತ್ತದೆ. ನಿಮ್ಮ ಮೆಸೇಜೂ ಒಂದು ನಿಮಿಷ ಕಾಯಲಿ, ರೈತರಿಗೇನೂ ತೊಂದರೆ ಇಲ್ಲ.

ಇನ್ನು ನಿಜವಾಗಿ ಕೇಳಬೇಕಾದ ಜಾಗ. ಒಂದೇ ಏಟಿಗೆ ದಿನದ 47 ಪಟ್ಟಿ ಅಳಿಸುವ ಬಟನ್ ಅಲ್ಲಿ ಯಾಕಿತ್ತು? ನನಗೆ ಅನಿಸುವುದು, ಬರೆಯುವಾಗ ಟೆಸ್ಟ್ ಮಾಡಲು ನಿಮಗೆ ಬೇಕಾಗಿತ್ತು, ಆಮೇಲೆ ತೆಗೆಯಲು ಮರೆತಿರಿ. ಹೌದಾ? ಹಾಗಿದ್ದರೆ ಇವತ್ತೇ ತೆಗೆಯಿರಿ. ಇಲ್ಲ, ಬೇಕೇ ಬೇಕು ಅಂತಿದ್ದರೆ ಮೆನುವಿನ ಒಳಗೆಲ್ಲೋ ಇಡಿ, ಅಲ್ಲಿ ಮಾತ್ರ ಕೇಳಿ. ಕೇಳುವಾಗ ಹೌದು-ಇಲ್ಲ ಅಂತ ಬಟನ್ ಇಡಬೇಡಿ. "47 ಪಟ್ಟಿ ಅಳಿಸು" ಮತ್ತು "ಬೇಡ, ಇರಲಿ" ಅಂತ ಬರೆಯಿರಿ. ಆ 47 ಅನ್ನೋ ಅಂಕಿ ಕಂಡರೆ ಕಾಕಾನ ಕೈ ತಾನೇ ನಿಲ್ಲುತ್ತದೆ. ಎಂಟರ್ ಒತ್ತಿದರೆ "ಬೇಡ" ಆಗಬೇಕು. ನೀವು ಸಿ ಶಾರ್ಪ್ ಪ್ರೋಗ್ರಾಮಿಂಗ್ ಭಾಷೆಯ ಸಿದ್ಧ ಡಬ್ಬಿ ಮೆಸೇಜ್‌ಬಾಕ್ಸ್ ಬಳಸಿದ್ದರೆ ಅದು ಮೊದಲ ಬಟನ್ನನ್ನೇ ಡಿಫಾಲ್ಟ್ (ಎಂಟರ್ ಒತ್ತಿದರೆ ಆಗುವುದು) ಮಾಡಿಕೊಂಡಿರುತ್ತದೆ, ಎರಡನೆಯದು ಅಂತ ನೀವೇ ಹೇಳಬೇಕು. ಇನ್ನೊಂದು: ವೇಗವಾಗಿ ಎಂಟ್ರಿ ಮಾಡುವವರು ಒಂದರ ಮೇಲೊಂದು ಎಂಟರ್ ಒತ್ತುತ್ತಾ ಹೋಗುತ್ತಾರೆ. ನಡುವೆ ಡಬ್ಬಿ ಬಂದರೆ ಮುಂದಿನ ಖಾನೆಗೆ ಅಂತ ಒತ್ತಿದ ಎಂಟರ್ ಇದಕ್ಕೆ ಬೀಳುತ್ತದೆ. ಡಬ್ಬಿ ಬಂದ ಮೊದಲ ಒಂದು ಸೆಕೆಂಡ್ ಬಟನ್ ಮಂಕಾಗಿಯೇ ಇರಲಿ. ಫೈರ್‌ಫಾಕ್ಸ್‌ನಲ್ಲಿ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸುವ ಸಣ್ಣ ಪ್ರೋಗ್ರಾಂ) ಹಾಕುವಾಗ ಒಂದು ಕ್ಷಣ ಕಾಯಿಸುವುದೂ ಇದಕ್ಕೇ.

ಕೀಗಳನ್ನು ದೂರ ಇಡುವುದಕ್ಕೆ ಒಂದು ಹಳೇ ಉದಾಹರಣೆ ಇದೆ. ಐಬಿಎಂ ಪಿಸಿ 1981ರಲ್ಲಿ ಬಂತು. ಅದನ್ನು ರೀಸ್ಟಾರ್ಟ್ ಮಾಡಲು ಡೇವಿಡ್ ಬ್ರಾಡ್ಲಿ ಎಂಬ ಎಂಜಿನಿಯರ್ ಮೊದಲು ಇಟ್ಟಿದ್ದು ಕಂಟ್ರೋಲ್-ಆಲ್ಟ್-ಎಸ್ಕೇಪ್. ಮೂರೂ ಎಡಗಡೆಯೇ ಇದ್ದವು, ಒಂದೇ ಕೈಯಲ್ಲಿ ಅಕಸ್ಮಾತ್ ಒತ್ತಿಹೋಗುತ್ತಿತ್ತು. ಅದಕ್ಕೇ ಎಸ್ಕೇಪ್ ಬಿಟ್ಟು ಆ ಕಡೆ ತುದಿಯ ಡಿಲೀಟ್ ತಗೊಂಡರು. ಎರಡು ಕೈ ಬೇಕಾಗುವ ಕೆಲಸವನ್ನು ಚಹಾ ಹಿಡಿದುಕೊಂಡು ಮಾಡಲು ಆಗುವುದಿಲ್ಲ, ಅಲ್ವಾ?

ಅಳಿಸಿಹೋಗುವುದಕ್ಕಿಂತ ನನಗೆ ಜಾಸ್ತಿ ಭಯ ಬೇರೆಯದು. 47 ಪಟ್ಟಿ ಹೋದರೆ ಕೂಡಲೇ ಗೊತ್ತಾಗುತ್ತದೆ. ಗೊತ್ತೇ ಆಗದ ತಪ್ಪು ಇರುತ್ತದಲ್ಲ, ಅದು ಕೆಟ್ಟದ್ದು. ರೇಟಿನ ಖಾನೆಗೆ ಮೇಲೆ-ಕೆಳಗೆ ಬಾಣ ಇರುವ ಡಬ್ಬಿ ಹಾಕಿದ್ದೀರಾ? ಕಾಕಾ ರೇಟ್ ಹೊಡೆದು, ಕೆಳಗಿನ ಸಾಲು ನೋಡೋಣ ಅಂತ ಮೌಸಿನ ಗಾಲಿ ತಿರುಗಿಸುತ್ತಾರೆ. ಪುಟ ಸರಿಯುವ ಬದಲು ರೇಟೇ ಸರಿಯುತ್ತದೆ. 180 ಇದ್ದದ್ದು 177 ಆಗಿ ಕೂತಿರುತ್ತದೆ. ಸದ್ದಿಲ್ಲ, ಡಬ್ಬಿಯಿಲ್ಲ. ರೈತರು ಮನೆಗೆ ಹೋಗಿ ಲೆಕ್ಕ ಹಾಕಿದಾಗ ಜಗಳ. ಆ ಖಾನೆಗಳಲ್ಲಿ ಗಾಲಿ ಕೆಲಸ ಮಾಡದಂತೆ ಮೊದಲು ಬಂದ್ ಮಾಡಿ. ಅನುಕೂಲ ಅಂತ ಕೊಟ್ಟದ್ದನ್ನು ಕಿತ್ತುಕೊಳ್ಳಲು ನಾಚಿಕೆ ಬೇಡ. ಕ್ರೋಮ್‌ನಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೆ ಹಿಂದಿನ ಪುಟಕ್ಕೆ ಹೋಗುತ್ತಿತ್ತು, ಜನ ಅರ್ಧ ತುಂಬಿದ ಫಾರ್ಮ್ ಕಳೆದುಕೊಳ್ಳುತ್ತಿದ್ದರು ಅಂತ 2016ರಲ್ಲಿ ತೆಗೆದರು. ಫೈರ್‌ಫಾಕ್ಸ್ 2021ರಲ್ಲಿ ಅದೇ ದಾರಿ ಹಿಡಿಯಿತು.

ಪ್ರಶ್ನೆ: ಬಾಗಲಕೋಟೆ ನವನಗರದಲ್ಲಿ ನನ್ನದು ಡಿಟಿಪಿ ಅಂಗಡಿ. ಡೆಸ್ಕ್‌ಟಾಪ್ ಮೇಲಿನ ಗಿರಾಕಿಗಳ ಫೋಲ್ಡರ್ ಒಮ್ಮೊಮ್ಮೆ ಮಾಯ. ಹುಡುಗಿಯರು "ನಾವು ಡಿಲೀಟ್ ಮಾಡಿಲ್ರೀ ಅಕ್ಕಾರ" ಅಂತಾರೆ. ಇನ್ನೊಂದು, ಇಂಗ್ಲಿಷ್ ಹೊಡೆಯುವಾಗ ನಡುವೆಯೇ ಕನ್ನಡ ಬರುತ್ತದೆ.

ಉತ್ತರ: ಹುಡುಗಿಯರನ್ನು ನಂಬಿ ಮೇಡಂ. ಡಿಲೀಟ್ ಆಗಿರಲಿಕ್ಕಿಲ್ಲ, ಪಕ್ಕದ ಫೋಲ್ಡರಿನ ಹೊಟ್ಟೆಗೆ ಹೋಗಿದೆ. ಕ್ಲಿಕ್ ಮಾಡುವಾಗ ಕೈ ಅಲುಗಿದರೆ ವಿಂಡೋಸ್ ಅದನ್ನು ಎಳೆದದ್ದು ಅಂತ ತಿಳಿಯುತ್ತದೆ. ಎಷ್ಟು ಅಲುಗಬೇಕು ಗೊತ್ತಾ? ಬರೀ 4 ಪಿಕ್ಸೆಲ್, ಅಂದರೆ ಪರದೆಯ ನಾಲ್ಕು ಚುಕ್ಕಿ. ಮದುವೆ ಸೀಜನ್ನಿನಲ್ಲಿ ಪತ್ರಿಕೆ ಮಾಡಿಸುವವರು ತಲೆ ಮೇಲೆ ನಿಂತಿರುವಾಗ 4 ಪಿಕ್ಸೆಲ್ ಯಾವ ಲೆಕ್ಕ! ಆದ ಕೂಡಲೇ ಗೊತ್ತಾದರೆ ಡೆಸ್ಕ್‌ಟಾಪ್ ಮೇಲೆ ಖಾಲಿ ಜಾಗದಲ್ಲಿ ಒಮ್ಮೆ ಕ್ಲಿಕ್ ಮಾಡಿ ಕಂಟ್ರೋಲ್-ಜಡ್ ಒತ್ತಿ, ಹೊರಗೆ ಬರುತ್ತದೆ. ಒಂದೇ ಸಲ ಒತ್ತಿ, ಸುಮ್ಮನೆ ಒತ್ತುತ್ತಾ ಹೋದರೆ ಅದಕ್ಕಿಂತ ಮುಂಚೆ ಮಾಡಿದ್ದೂ ಹಿಂದಕ್ಕೆ ಹೋಗುತ್ತದೆ. ತಡವಾಗಿದ್ದರೆ ಹೆಸರು ಹಾಕಿ ಹುಡುಕಿ. ಪದೇ ಪದೇ ಆಗುತ್ತಿದ್ದರೆ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಜಾಗ) ಡ್ರ್ಯಾಗ್‌ವಿಡ್ತ್, ಡ್ರ್ಯಾಗ್‌ಹೈಟ್ ಅಂತ ಎರಡು ಅಂಕಿ ಇವೆ. ಅವನ್ನು 4ರಿಂದ 20ಕ್ಕೆ ಏರಿಸಬಹುದು. ತಿಳಿದವರ ಕೈಯಲ್ಲಿ ಮಾಡಿಸಿ. ಬೇಕಂತಲೇ ಎಳೆಯುವಾಗ ಸ್ವಲ್ಪ ಅಂಟಿದ ಹಾಗೆ ಅನಿಸುತ್ತದೆ, ಎರಡು ದಿನದಲ್ಲಿ ರೂಢಿಯಾಗುತ್ತದೆ. ಹಾಂ, ಗಿರಾಕಿ ತಂದ ಪೆನ್‌ಡ್ರೈವ್‌ನಲ್ಲಿ ಡಿಲೀಟ್ ಮಾಡಿದ್ದು ರೀಸೈಕಲ್ ಬಿನ್‌ಗೆ ಬರುವುದಿಲ್ಲ. ಅಲ್ಲಿ ಮಾತ್ರ ನಿಧಾನ.

ಕನ್ನಡ ಬರುವುದು ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿಹೋದಾಗ. ದೊಡ್ಡಕ್ಷರಕ್ಕೆ ಅಂತ ಶಿಫ್ಟ್‌ಗೆ ಹೋದ ಕೈ ಆಲ್ಟ್‌ಗೂ ತಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಟೈಪಿಂಗ್, ಅದರಲ್ಲಿ ಅಡ್ವಾನ್ಸ್‌ಡ್ ಕೀಬೋರ್ಡ್ ಸೆಟ್ಟಿಂಗ್ಸ್, ಅಲ್ಲಿ ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್‌ಗೆ ಹೋಗಿ ಅದನ್ನು "ನಾಟ್ ಅಸೈನ್ಡ್" ಮಾಡಿ. ಭಾಷೆ ಬದಲಿಸಲು ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಸಾಕು, ಅದು ತಪ್ಪಿ ಬೀಳುವುದು ಕಡಿಮೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ಬೆಳಗಾವಿ ಟಿಳಕವಾಡಿ. ಹೊಸ ಲ್ಯಾಪ್‌ಟಾಪಿನಲ್ಲಿ ಡಿಲೀಟ್ ಪಕ್ಕದಲ್ಲೇ ಪವರ್ ಬಟನ್. ಬರೆಯುತ್ತಿರುವಾಗಲೇ ಪರದೆ ಆರಿಹೋಗುತ್ತದೆ. ತಪ್ಪು ನನ್ನದಾ?

ಉತ್ತರ: ನಿಮ್ಮದಲ್ಲ ಸರ್. ದಿನಕ್ಕೆ ನೂರು ಸಲ ಬೇಕಾಗುವ ಕೀ ಪಕ್ಕದಲ್ಲಿ ದಿನಕ್ಕೊಮ್ಮೆ ಬೇಕಾಗುವ ಬಟನ್ ಇಟ್ಟವರದು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್‌ಗೆ ಹೋಗಿ. ಎಡಗಡೆ "ಚೂಸ್ ವಾಟ್ ದಿ ಪವರ್ ಬಟನ್ಸ್ ಡೂ" ಅಂತ ಇರುತ್ತದೆ. ಪವರ್ ಬಟನ್ ಮುಂದೆ "ಡೂ ನಥಿಂಗ್" ಆರಿಸಿ, ಬ್ಯಾಟರಿಗೂ ಕರೆಂಟಿಗೂ ಎರಡಕ್ಕೂ. ಆಮೇಲೆ ಬೆರಳು ತಾಗಿದರೂ ಏನೂ ಆಗುವುದಿಲ್ಲ. ಯಾವತ್ತಾದರೂ ಲ್ಯಾಪ್‌ಟಾಪ್ ಪೂರ್ತಿ ಹ್ಯಾಂಗ್ ಆದರೆ ಸ್ವಲ್ಪ ಹೊತ್ತು ಒತ್ತಿಹಿಡಿಯಿರಿ, ಆಗ ಆಫ್ ಆಗುತ್ತದೆ. ದಿನಾ ಬಂದ್ ಮಾಡುವುದು ಮಾತ್ರ ಸ್ಟಾರ್ಟ್ ಮೆನುವಿನಿಂದ. ಇದನ್ನು ಮನೆಯವರಿಗೂ ಹೇಳಿಡಿ, ಇಲ್ಲಾಂದ್ರೆ ಬಟನ್ ಕೆಟ್ಟಿದೆ ಅಂತ ಯಾರಾದರೂ ರಿಪೇರಿಗೆ ಒಯ್ದಾರು.