ಬರ್ಗಮಾಟ್: ಸಿಪ್ಪೆಗಾಗಿ ಕೊಯ್ಯುವ ಹಣ್ಣು

ಪ್ರಶ್ನೆ: ದೊಡ್ಡ ಕುಂಡದಲ್ಲಿ ಬೆಳೆಸಿರುವ ನಮ್ಮ ಬರ್ಗಮಾಟ್ ಗಿಡ ಈ ಸಲ ಮೊದಲ ಬಾರಿಗೆ ಹನ್ನೊಂದು ಕಾಯಿ ಬಿಟ್ಟಿದೆ. ಹಸಿರಾಗಿರುವಾಗಲೇ ಕೊಯ್ಯಬೇಕೋ, ಹಳದಿಯಾಗುವವರೆಗೆ ಕಾಯಬೇಕೋ ತಿಳಿಯುತ್ತಿಲ್ಲ. ಒಂದನ್ನು ಕೊಯ್ದು ಕಿತ್ತಳೆಯಂತೆ ಸುಲಿದು ತಿನ್ನಲು ಹೋದರೆ ಹುಳಿಯೂ ಕಹಿಯೂ ಸೇರಿ ಬಾಯಿಗೆ ಇಡಲಾಗಲಿಲ್ಲ. ಕಾಯಿ ಇನ್ನೂ ಬಲಿತಿಲ್ಲವೇ ಅಥವಾ ಗಿಡವೇ ಬೇರೆಯೇ?

ಉತ್ತರ: ನೀವು ಹೇಳುವ ರುಚಿ ಬರ್ಗಮಾಟಿನ ಸಹಜ ರುಚಿಯೇ ಆಗಿದೆ, ಆದ್ದರಿಂದ ಅದನ್ನು ನೋಡಿ ಗಿಡದ ಮೇಲೆ ಅನುಮಾನಪಡಬೇಕಾಗಿಲ್ಲ. ಬರ್ಗಮಾಟ್ ನಿಂಬೆ ಮತ್ತು ಕಹಿ ಕಿತ್ತಳೆಗಳ ಸಂಕರದಿಂದ ಹುಟ್ಟಿದ ಹಣ್ಣು ಎಂಬುದು ವಂಶವಾಹಿಗಳ ಅಧ್ಯಯನದಿಂದ ಗೊತ್ತಾಗಿದೆ. ಒಂದರಿಂದ ಹುಳಿಯನ್ನೂ ಇನ್ನೊಂದರಿಂದ ಕಹಿಯನ್ನೂ ಪಡೆದುಕೊಂಡ ಇದು ಎಷ್ಟೇ ಮಾಗಿದರೂ ಸುಲಿದು ತಿನ್ನುವ ಹಣ್ಣಾಗುವುದಿಲ್ಲ. ಕಹಿಗೆ ಕಾರಣವಾದ ನರಿಂಜಿನ್, ನಿಯೋಹೆಸ್ಪೆರಿಡಿನ್ ಮೊದಲಾದವು ಪೂರ್ತಿ ಹಳದಿಯಾದ ಹಣ್ಣಿನಲ್ಲಿಯೂ ಇದ್ದೇ ಇರುತ್ತವೆ. ಇದನ್ನು ಬೆಳೆಯುವುದು ಸಿಪ್ಪೆಗಾಗಿ. ಜಗತ್ತಿನ ಬರ್ಗಮಾಟ್ ಬೆಳೆಯ ಬಹುಪಾಲು ಬರುವುದು ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾ ಪ್ರಾಂತ್ಯದಲ್ಲಿ, ರೆಜ್ಜೊ ನಗರದ ಸುತ್ತಲಿನ ಕಿರಿದಾದ ಕಡಲ ತೀರದ ತೋಟಗಳಿಂದ. ಅಲ್ಲಿನ ರೈತರು ತಲೆಮಾರುಗಳಿಂದ ಈ ಮರವನ್ನು ಸಾಕಿಕೊಂಡು ಬಂದಿರುವುದು ಸಿಪ್ಪೆಯ ಎಣ್ಣೆಗಾಗಿ, ಮತ್ತು ಆ ಎಣ್ಣೆಗೆ 2001ರಲ್ಲಿ ಯುರೋಪಿಯನ್ ಒಕ್ಕೂಟದ ಮೂಲಸ್ಥಾನ ಮಾನ್ಯತೆಯೂ ದೊರೆತಿದೆ. ಸಿಪ್ಪೆಯೇ ಫಸಲು, ರಸ ಅದರ ಜೊತೆಗೆ ಸಿಗುವ ಲಾಭ ಎಂದು ತಿಳಿದುಕೊಂಡರೆ ಯಾವಾಗ ಕೊಯ್ಯಬೇಕು, ಹೇಗೆ ಇಡಬೇಕು, ಅಡುಗೆಯಲ್ಲಿ ಯಾವ ಹಂತದಲ್ಲಿ ಹಾಕಬೇಕು ಎಂಬ ಪ್ರಶ್ನೆಗಳು ತಾವಾಗಿಯೇ ಸುಲಭವಾಗುತ್ತವೆ.

ಇನ್ನು ಸಮಯದ ಮಾತು. ಕಲಾಬ್ರಿಯಾದಲ್ಲಿ ಕೊಯ್ಲು ನವೆಂಬರಿನಲ್ಲಿ ಆರಂಭವಾಗಿ ಮಾರ್ಚ್‌ವರೆಗೆ ನಡೆಯುತ್ತದೆ. ಮೊದಲ ವಾರಗಳ ಹಸಿರು ಕಾಯಿಯಿಂದ ಹಸಿರು ಛಾಯೆಯ ಎಣ್ಣೆ ಬರುತ್ತದೆ, ಅದರ ಪರಿಮಳ ಚುರುಕಾಗಿರುತ್ತದೆ. ದಿನ ಕಳೆದಂತೆ ಸಿಪ್ಪೆಯ ಹಸಿರು ಅಳಿದು ಎಣ್ಣೆಯೂ ಹಳದಿಗೆ ತಿರುಗುತ್ತದೆ, ಹಣ್ಣಿನಲ್ಲಿ ರಸ ತುಂಬುತ್ತದೆ. ಹೀಗಾಗಿ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾದ ಅಗತ್ಯ ನಿಮಗಿಲ್ಲ. ಉಳಿದ ಹತ್ತು ಹಣ್ಣುಗಳಲ್ಲಿ ಮೂರು ನಾಲ್ಕನ್ನು ಹಸಿರಿನ ನಡುವೆ ಹಳದಿ ಮೂಡುವ ಹೊತ್ತಿಗೆ ಸಿಪ್ಪೆಯ ತುರಿಗಾಗಿ ಕೊಯ್ಯಿರಿ, ಉಳಿದವನ್ನು ಪೂರ್ತಿ ಹಳದಿಯಾದ ಮೇಲೆ ಸಿಪ್ಪೆಯನ್ನೂ ಸೇರಿಸಿ ಮಾಡುವ ಜಾಮ್ ಆದ ಮಾರ್ಮಲೇಡಿಗೂ ರಸಕ್ಕೂ ಇಟ್ಟುಕೊಳ್ಳಿ. ಬಾಳೆ, ಮಾವುಗಳಂತೆ ಇದನ್ನು ಕೊಯ್ದು ಹಣ್ಣಿಗೆ ಹಾಕಲು ಬರುವುದಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ನಿಂಬೆಯ ಜಾತಿಯ ಹಣ್ಣುಗಳೆಲ್ಲ ಮರದ ಮೇಲೆಯೇ ಮಾಗುವಂಥವು; ಕೊಯ್ದ ಮೇಲೆ ಬಣ್ಣ ಬದಲಾಗಬಹುದು, ರಸ ಮಾತ್ರ ಹೆಚ್ಚುವುದಿಲ್ಲ. ಹಣ್ಣನ್ನು ಅಂಗೈಯಲ್ಲಿ ಇಟ್ಟು ನೋಡಿದಾಗ ಗಾತ್ರಕ್ಕೆ ಮೀರಿದ ತೂಕ ಇದೆ ಅನ್ನಿಸಬೇಕು, ಸಿಪ್ಪೆಯನ್ನು ಉಗುರಿನಿಂದ ಲಘುವಾಗಿ ಗೀರಿದರೆ ಘಮ ತಕ್ಷಣ ಮೂಗಿಗೆ ಹೊಡೆಯಬೇಕು. ಆಗ ಕೊಯ್ಯಲು ಅಡ್ಡಿಯಿಲ್ಲ.

ಪ್ರಶ್ನೆ: ಹಿತ್ತಲಿನ ಮರದಿಂದ ಬೆಳಿಗ್ಗೆ ಬೇಗನೆ ಹಣ್ಣು ಕಿತ್ತು ಬುಟ್ಟಿಯಲ್ಲಿಟ್ಟಿದ್ದೆ. ಎರಡು ಮೂರು ದಿನಗಳಲ್ಲಿ ಸಿಪ್ಪೆಯ ಮೇಲೆ ಬೆರಳಚ್ಚಿನಂತಹ ಕಂದು ಕಲೆಗಳು ಮೂಡಿದವು. ಕೆಲವು ತೊಟ್ಟಿನ ಬಳಿ ಕೊಳೆತವು. ಇದು ರೋಗವೇ?

ಉತ್ತರ: ಕಂದು ಕಲೆ ರೋಗವಲ್ಲ, ಅದು ನಿಮ್ಮ ಬೆರಳಿನ ಗುರುತೇ. ಬೆಳಗಿನ ಮಂಜಿನಲ್ಲಾಗಲಿ ಮಳೆ ನಿಂತ ಕೂಡಲೇ ಆಗಲಿ ಸಿಪ್ಪೆಯ ಜೀವಕೋಶಗಳು ನೀರು ಕುಡಿದು ಬಿಗಿದುಕೊಂಡಿರುತ್ತವೆ. ಆ ಸ್ಥಿತಿಯಲ್ಲಿ ಹಣ್ಣನ್ನು ಒತ್ತಿ ಹಿಡಿದರೆ ಸಿಪ್ಪೆಯಲ್ಲಿ ಹುದುಗಿರುವ ಎಣ್ಣೆಯ ಪುಟ್ಟ ಚೀಲಗಳು ಒಡೆದು, ಹೊರಬಂದ ಎಣ್ಣೆ ಸುತ್ತಲಿನ ಕೋಶಗಳನ್ನೇ ಸುಟ್ಟುಬಿಡುತ್ತದೆ. ನಿಂಬೆ, ಕಿತ್ತಳೆಗಳಲ್ಲಿಯೂ ಹೀಗಾಗುತ್ತದೆ. ಈ ಚೀಲಗಳು ಎಷ್ಟು ನಾಜೂಕಿನವು ಎನ್ನುವುದಕ್ಕೆ ಹಿಂದಿನ ಕಾಲದ ಎಣ್ಣೆ ತೆಗೆಯುವ ರೀತಿಯೇ ನಿದರ್ಶನ: ಯಂತ್ರಗಳು ಬರುವ ಮೊದಲು ಕಲಾಬ್ರಿಯಾದ ಕೆಲಸಗಾರರು ಹಣ್ಣನ್ನು ಎರಡು ಹೋಳು ಮಾಡಿ, ತಿರುಳನ್ನು ತೆಗೆದು, ಸಿಪ್ಪೆಯನ್ನು ಸಮುದ್ರದ ಸ್ಪಂಜಿಗೆ ಕೈಯಿಂದ ಒತ್ತುತ್ತಿದ್ದರು. ಸ್ಪಂಜು ಹೀರಿಕೊಂಡ ಎಣ್ಣೆಯನ್ನು ಪಾತ್ರೆಗೆ ಹಿಂಡಿ ಶೇಖರಿಸುತ್ತಿದ್ದರು. ಬರಿಯ ಕೈಯ ಒತ್ತಡಕ್ಕೆ ಎಣ್ಣೆ ಬಿಟ್ಟುಕೊಡುವ ಹಣ್ಣನ್ನು ಕೊಯ್ಯುವಾಗ ಒತ್ತದಿರುವುದೇ ಜಾಣತನ.

ಮಂಜು ಆರಿ ಎಲೆ ಒಣಗಿದ ಮೇಲೆ, ಮಳೆ ಬಂದಿದ್ದರೆ ಒಂದೆರಡು ದಿನ ಬಿಟ್ಟು ಕೊಯ್ಯಿರಿ. ಎಳೆದು ಕೀಳಬೇಡಿ. ಎಳೆದಾಗ ತೊಟ್ಟಿನ ಜೊತೆ ಸಿಪ್ಪೆಯ ಚೂರೂ ಕಿತ್ತುಬಂದು ಅಲ್ಲೊಂದು ಗಾಯವಾಗುತ್ತದೆ, ಬೂಷ್ಟು ಒಳನುಗ್ಗುವುದು ಅಲ್ಲಿಂದಲೇ. ನಿಮ್ಮ ಹಣ್ಣುಗಳು ತೊಟ್ಟಿನ ಬಳಿ ಕೊಳೆತಿರುವುದಕ್ಕೆ ಬಹುಶಃ ಇದೇ ಕಾರಣ. ಹರಿತವಾದ ಕತ್ತರಿಯಿಂದ ಮೊದಲು ಸ್ವಲ್ಪ ಕಡ್ಡಿ ಸಮೇತ ಕತ್ತರಿಸಿ ಹಣ್ಣನ್ನು ಕೈಗೆ ತೆಗೆದುಕೊಂಡು, ಆಮೇಲೆ ತೊಟ್ಟಿನ ಬುಡಕ್ಕೆ ಸಮನಾಗಿ ಎರಡನೆಯ ಸಲ ಕತ್ತರಿಸುವುದು ಒಳ್ಳೆಯದು, ಏಕೆಂದರೆ ಉಳಿದ ಕಡ್ಡಿ ಬುಟ್ಟಿಯಲ್ಲಿ ಪಕ್ಕದ ಹಣ್ಣನ್ನು ಚುಚ್ಚುತ್ತದೆ. ಬುಟ್ಟಿಗೆ ಎಸೆಯದೆ ಒಂದೊಂದಾಗಿ ಇಡಿ. ಕಲೆಯಾದ ಹಣ್ಣನ್ನು ಬಿಸಾಡಬೇಕಿಲ್ಲ, ತುರಿಯುವಾಗ ಆ ಭಾಗವನ್ನು ಬಿಟ್ಟರೆ ಸಾಕು. ಕೊಯ್ದವನ್ನು ಒಣಬಟ್ಟೆಯಿಂದ ಒರೆಸಿ, ಚೀಲದಲ್ಲಿ ಹಾಕಿ ಫ್ರಿಜ್ಜಿನ ತರಕಾರಿ ಖಾನೆಯಲ್ಲಿಟ್ಟರೆ ಎರಡು ಮೂರು ವಾರ ಚೆನ್ನಾಗಿರುತ್ತವೆ. ತೊಳೆಯುವುದು ಬಳಸುವ ದಿನವೇ ಇರಲಿ.

ಪ್ರಶ್ನೆ: ಬರ್ಗಮಾಟ್ ಹಾಕಿ ಕೇಕ್ ಮಾಡಿದೆ, ಒಲೆಯ ಮುಂದೆ ಮನೆಯೆಲ್ಲ ಘಮಘಮ, ತಿನ್ನುವಾಗ ಪರಿಮಳವೇ ಇಲ್ಲ, ಕಹಿ ಮಾತ್ರ ಉಳಿದಿತ್ತು. ಇದನ್ನು ಅಡುಗೆಯಲ್ಲಿ ಸರಿಯಾಗಿ ಬಳಸುವುದು ಹೇಗೆ?

ಉತ್ತರ: ಮನೆಯೆಲ್ಲ ಘಮಘಮಿಸಿತು ಎಂದರೆ ಕೇಕಿನಲ್ಲಿ ಉಳಿಯಬೇಕಾದದ್ದು ಗಾಳಿಗೆ ಹೋಯಿತು ಎಂದೇ ಅರ್ಥ. ಬರ್ಗಮಾಟಿನ ಘಮದಲ್ಲಿ ಎಲ್ಲ ನಿಂಬೆ ಜಾತಿಗಳಲ್ಲಿಯೂ ಇರುವ ಲಿಮೊನೀನ್ ಜೊತೆಗೆ ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್ ಎಂಬ ಎರಡು ಅಂಶಗಳು ಗಣನೀಯ ಪ್ರಮಾಣದಲ್ಲಿವೆ. ಲ್ಯಾವೆಂಡರ್ ಹೂವಿನ ಪರಿಮಳಕ್ಕೂ ಇವೇ ಮುಖ್ಯ ಕಾರಣ, ಹಾಗಾಗಿ ಈ ಹಣ್ಣನ್ನು ಮೂಸಿದಾಗ ನಿಂಬೆಯ ಹಿಂದೆ ಹೂವೊಂದು ಇದ್ದಂತೆ ಭಾಸವಾಗುತ್ತದೆ. ಇವೆಲ್ಲವೂ ಬಿಸಿಗೆ ಹಾರಿಹೋಗುವಂಥವು. ಹುಳಿಯಲ್ಲಿ ಕುದಿಸಿದರೆ ಲಿನಲೈಲ್ ಅಸಿಟೇಟ್ ಒಡೆದೂ ಹೋಗುತ್ತದೆ. ಕಹಿಯ ಅಂಶಗಳಿಗೆ ಒಲೆಯ ಭಯವಿಲ್ಲ, ಅವು ಪಾತ್ರೆಯಲ್ಲಿಯೇ ಉಳಿಯುತ್ತವೆ.

ಇದಕ್ಕೆ ನಾನು ಎಲ್ಲರಿಗೂ ಹೇಳುವ ಉಪಾಯ ಸಕ್ಕರೆಯದು. ಒಂದು ಹಣ್ಣನ್ನು ತೊಳೆದು, ಪೂರ್ತಿ ಒರೆಸಿ, ಸಣ್ಣ ಹಲ್ಲಿನ ತುರಿಮಣೆಯ ಮೇಲೆ ಮೃದುವಾಗಿ ಎಳೆಯಿರಿ. ಬಣ್ಣವಿರುವ ಹೊರಪದರ ಮಾತ್ರ ಬರಬೇಕು, ಕೆಳಗಿನ ಬಿಳಿ ಪದರ ಕಾಣಿಸಿದ ಕೂಡಲೇ ಹಣ್ಣನ್ನು ತಿರುಗಿಸಬೇಕು. ಆ ತುರಿಯನ್ನು 200 ಗ್ರಾಂ ಸಕ್ಕರೆಯ ಮೇಲೆ ಹಾಕಿ ಬೆರಳ ತುದಿಗಳಿಂದ ತಿಕ್ಕುತ್ತ ಹೋದರೆ, ಎರಡು ಮೂರು ನಿಮಿಷಗಳಲ್ಲಿ ಸಕ್ಕರೆಯ ಗರಗರ ಸದ್ದು ತಗ್ಗಿ, ಅದು ಹಸಿ ಮರಳಿನಂತೆ ಅಂಟಿಕೊಳ್ಳುತ್ತ, ತೆಳು ಹಸಿರು ಹಳದಿ ಬಣ್ಣಕ್ಕೆ ಬರುತ್ತದೆ. ಸಕ್ಕರೆಯ ಹರಳುಗಳು ತುರಿಯನ್ನು ಇನ್ನಷ್ಟು ಹರಿದು, ಹೊರಬಂದ ಎಣ್ಣೆಯನ್ನು ತಮಗೆ ಮೆತ್ತಿಕೊಳ್ಳುವುದರಿಂದ ಹೀಗಾಗುತ್ತದೆ. ಕೇಕಿಗೆ ಈ ಸಕ್ಕರೆಯನ್ನು ಬೆಣ್ಣೆಯೊಡನೆ ಸೇರಿಸಿ ನಾದಿದರೆ ಕೊಬ್ಬು ಪರಿಮಳವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದರಲ್ಲಿ ಸ್ವಲ್ಪವನ್ನು ಉಳಿಸಿಕೊಂಡು ರಸದೊಡನೆ ಕಲಸಿ, ಕೇಕ್ ಉಗುರು ಬೆಚ್ಚಗಾದ ಮೇಲೆ ಸವರಿದರೆ ತಿನ್ನುವಾಗ ಸಿಗಬೇಕಾದ ಘಮ ಖಂಡಿತ ಸಿಗುತ್ತದೆ. ಕಸ್ಟರ್ಡ್, ಕೆನೆ, ಜೇನು ಇವುಗಳಿಗೆ ತುರಿಯನ್ನು ಒಲೆಯಿಂದ ಇಳಿಸಿದ ಮೇಲೆ ಹಾಕಿ. ಸಕ್ಕರೆಯ ಬದಲು ಉಪ್ಪಿನಲ್ಲಿ ತಿಕ್ಕಿಟ್ಟುಕೊಂಡ ತುರಿ ಮೀನಿಗೂ ಬೇಯಿಸಿದ ತರಕಾರಿಗೂ ಬಹಳ ಒಪ್ಪುತ್ತದೆ.

ರಸವನ್ನು ನಿಂಬೆರಸ ಹಾಕುವ ಕಡೆಯೆಲ್ಲ ಬಳಸಬಹುದು, ಆದರೆ ಅರ್ಧ ಪ್ರಮಾಣದಿಂದ ಆರಂಭಿಸಿ ರುಚಿ ನೋಡುತ್ತ ಹೋಗಿ. ಹಿಂಡುವಾಗ ಸಿಪ್ಪೆ ಮಡಚಿಹೋಗುವಷ್ಟು ಅದುಮಿದರೆ ಬಿಳಿ ಪದರದ ಕಹಿಯೂ ಇಳಿಯುತ್ತದೆ. ಹಿಂಡಿಟ್ಟ ರಸದ ಕಹಿ ಹೊತ್ತು ಕಳೆದಂತೆ ಏರುವುದುಂಟು, ಆದ್ದರಿಂದ ಉಳಿದದ್ದನ್ನು ಆಗಲೇ ಐಸ್ ಟ್ರೇಗೆ ಸುರಿದು ಹೆಪ್ಪುಗಟ್ಟಿಸಿ.

ಕಹಿಯೇ ಅಂದವಾಗುವ ಒಂದು ಪದಾರ್ಥ ಮಾರ್ಮಲೇಡ್. ಇದಕ್ಕೆ ಪೂರ್ತಿ ಹಳದಿಯಾದ ಹಣ್ಣು ಬೇಕು. ಸಿಪ್ಪೆಯನ್ನು ಬಿಳಿ ಪದರದ ಸಮೇತ ಎಳೆ ಎಳೆಯಾಗಿ ಹೆಚ್ಚಿ, ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಆ ನೀರನ್ನು ಚೆಲ್ಲಿ, ಹೀಗೆ ಎರಡು ಸಲ ಮಾಡಿ ಮೂರನೆಯ ನೀರಿನಲ್ಲಿ ಉಗುರಿಗೆ ಹಿಸುಕಲು ಬರುವಷ್ಟು ಮೆತ್ತಗೆ ಬೇಯಿಸಿ. ಸಕ್ಕರೆ ಬಿದ್ದ ಮೇಲೆ ಸಿಪ್ಪೆ ಮೆತ್ತಗಾಗುವುದಿಲ್ಲ, ಹೀಗಾಗಿ ಇಲ್ಲಿ ಅವಸರ ಬೇಡ. ಚೆಲ್ಲಿದ ನೀರಿನೊಡನೆ ಗಟ್ಟಿಯಾಗಲು ಬೇಕಾದ ಪೆಕ್ಟಿನ್ ಕೂಡ ಸ್ವಲ್ಪ ಹೋಗಿರುತ್ತದೆ. ತೊಳೆಗಳ ಪೊರೆ ಮತ್ತು ಬೀಜಗಳನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ಮೂರನೆಯ ನೀರಿಗೆ ಬಿಟ್ಟು, ಆಮೇಲೆ ಗಂಟನ್ನು ಚೆನ್ನಾಗಿ ಹಿಂಡಿದರೆ ಆ ಕೊರತೆ ತುಂಬುತ್ತದೆ. ಬೆಂದ ಸಿಪ್ಪೆ, ತಿರುಳು, ರಸ ಎಲ್ಲವನ್ನೂ ತೂಗಿ, ಅಷ್ಟೇ ತೂಕದ ಸಕ್ಕರೆ ಹಾಕಿ ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ. ಅಲ್ಯೂಮಿನಿಯಂ ಪಾತ್ರೆ ಈ ಹುಳಿಗೆ ಆಗದು. ಪಾಕ 104ರಿಂದ 105 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಹದವಾಗಿರುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಫ್ರಿಜ್ಜಿನಲ್ಲಿಟ್ಟ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು, ಒಂದು ನಿಮಿಷದ ಬಳಿಕ ಬೆರಳಿನಿಂದ ತಳ್ಳಿದಾಗ ಮೇಲ್ಮೈ ಸುಕ್ಕುಗಟ್ಟುತ್ತದೆಯೇ ನೋಡಿ. ಇಳಿಸಿದ ಮೇಲೆ ಒಂದು ಚಮಚ ಹಸಿ ತುರಿ ಬೆರೆಸಿದರೆ ಕುದಿಯುವಾಗ ಕಳೆದುಹೋದ ಪರಿಮಳ ಮರಳುತ್ತದೆ.

ಅರ್ಲ್ ಗ್ರೇ ಎಂಬ ಹೆಸರಿನ ಚಹಾದ ಘಮವೂ ಈ ಸಿಪ್ಪೆಯ ಎಣ್ಣೆಯದೇ. ಸಿಪ್ಪೆಯ ಹೊರಪದರವನ್ನು ಪಟ್ಟಿಯಾಗಿ ಹೆರೆದು, ನೆರಳಿನಲ್ಲಿ ಮುರಿದರೆ ಚಟ್ಟೆನ್ನುವವರೆಗೆ ಒಣಗಿಸಿ, ಚಹಾ ಎಲೆಯೊಡನೆ ಮುಚ್ಚಿದ ಸೀಸೆಯಲ್ಲಿ ಒಂದು ವಾರ ಇಟ್ಟರೆ ಮನೆಯಲ್ಲಿಯೇ ಅದು ಸಿದ್ಧವಾಗುತ್ತದೆ. ಎಣ್ಣೆಯನ್ನೇ ಸಿಂಪಡಿಸಿದ ಚಹಾದಷ್ಟು ಕಟುವಾಗಿರುವುದಿಲ್ಲ. ನನಗಂತೂ ಈ ಸೌಮ್ಯ ಘಮವೇ ಹೆಚ್ಚು ಇಷ್ಟ. ಸಿಪ್ಪೆಯಲ್ಲಿ ಹಸಿ ಉಳಿದಿದ್ದರೆ ಚಹಾಕ್ಕೆ ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ: ನಾನು ಕೊಲೆಸ್ಟರಾಲ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಬರ್ಗಮಾಟ್ ತಿನ್ನಬಹುದೇ? ಸಿಪ್ಪೆ ತುರಿದು ಬಿಸಿಲಿಗೆ ಹೋದರೆ ಕೈ ಸುಡುತ್ತದೆ ಎಂದೂ ಕೇಳಿದ್ದೇನೆ.

ಉತ್ತರ: ಎರಡೂ ಗಮನಿಸಬೇಕಾದ ವಿಷಯಗಳೇ. ದ್ರಾಕ್ಷಿಹಣ್ಣಲ್ಲದ, ಗ್ರೇಪ್‌ಫ್ರೂಟ್ ಎಂದು ಕರೆಯುವ ಚಕ್ಕೋತದ ಬಂಧುವನ್ನು ಕೆಲವು ಔಷಧಗಳೊಡನೆ ತಿನ್ನಬಾರದು ಎಂದು ವೈದ್ಯರು ಹೇಳುವುದನ್ನು ನೀವು ಕೇಳಿರಬಹುದು. ಔಷಧವನ್ನು ಕರಗಿಸುವ ಕಿಣ್ವವನ್ನು ತಡೆದು ರಕ್ತದಲ್ಲಿ ಅದರ ಪ್ರಮಾಣ ಏರುವಂತೆ ಮಾಡುವ ಅಂಶಗಳಲ್ಲಿ ಒಂದರ ಹೆಸರೇ ಬರ್ಗಮಾಟಿನ್. ಅದು ಈ ಹಣ್ಣಿನಲ್ಲಿಯೂ ಇದೆ. ಸಿಮ್ವಾಸ್ಟಾಟಿನ್, ಅಟಾರ್ವಾಸ್ಟಾಟಿನ್‌ನಂತಹ ಮಾತ್ರೆ ನಿಮ್ಮದಾಗಿದ್ದರೆ ವೈದ್ಯರನ್ನು ಕೇಳದೆ ರಸ ಕುಡಿಯುವುದು ಬೇಡ. ಬರ್ಗಮಾಟ್ ರಸ ಕೊಲೆಸ್ಟರಾಲ್ ಇಳಿಸುತ್ತದೆ ಎಂಬ ಪ್ರಚಾರವನ್ನು ನಂಬಿ ಮಾತ್ರೆ ಬಿಡುವುದಂತೂ ಖಂಡಿತ ಬೇಡ. ಮಿತಿ ಮೀರಿದರೆ ಚಹಾ ಕೂಡ ತೊಂದರೆ ಕೊಡಬಲ್ಲದು: ದಿನಕ್ಕೆ ನಾಲ್ಕು ಲೀಟರಿನಷ್ಟು ಅರ್ಲ್ ಗ್ರೇ ಕುಡಿಯುತ್ತಿದ್ದ ವ್ಯಕ್ತಿಯೊಬ್ಬರಿಗೆ ಸ್ನಾಯು ಸೆಳೆತ ಕಾಣಿಸಿಕೊಂಡು, ಆ ಚಹಾವನ್ನು ಬಿಟ್ಟ ಮೇಲೆ ನಿಂತ ಪ್ರಕರಣ 2002ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು.

ಚರ್ಮದ ವಿಷಯದಲ್ಲಿ ನೀವು ಕೇಳಿದ್ದು ನಿಜ. ಸಿಪ್ಪೆಯ ಎಣ್ಣೆಯಲ್ಲಿರುವ ಬರ್ಗಾಪ್ಟೆನ್ ಚರ್ಮದ ಮೇಲಿರುವಾಗ ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಚರ್ಮ ಕೆಂಪಾಗಿ, ಗುಳ್ಳೆ ಎದ್ದು, ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆಯಾಗಬಹುದು. ಎಣ್ಣೆ ಬರಿ ನೀರಿಗೆ ಹೋಗುವುದಿಲ್ಲ. ತುರಿದ ಮೇಲೆ ಸೋಪು ಹಾಕಿ ಮೊಣಕೈಯವರೆಗೆ ತೊಳೆಯಿರಿ, ಹೆಚ್ಚು ಹಣ್ಣುಗಳ ಕೆಲಸವಿದ್ದರೆ ಕೈಗವಸು ಹಾಕಿಕೊಳ್ಳಿ, ಅಂಗಳದ ಬಿಸಿಲಿನಲ್ಲಿ ಕುಳಿತು ಸುಲಿಯಬೇಡಿ. ಪರಿಮಳ ಚಿಕಿತ್ಸೆಗೆಂದು ಮಾರುವ ಬರ್ಗಮಾಟ್ ಎಣ್ಣೆಯನ್ನು ಅಡುಗೆಗೆ ಹಾಕಲೇಬೇಡಿ. ಒಂದು ಹನಿಯಲ್ಲಿರುವ ಸಾಂದ್ರತೆ ತುರಿಯದಕ್ಕೆ ಹೋಲಿಕೆಯಾಗದು.

ಪ್ರಶ್ನೆ: ಬರ್ಗಮಾಟ್ ಎಂದು ಬರೆದಿದ್ದ ಪೊಟ್ಟಣದ ಬೀಜ ಬಿತ್ತಿದೆ. ಪುದೀನದಂತಹ ಎಲೆ, ಕೆಂಪು ಹೂವಿನ ಗಿಡ ಬಂದಿದೆ. ಇದಕ್ಕೆ ಹಣ್ಣು ಯಾವಾಗ?

ಉತ್ತರ: ಇದಕ್ಕೆ ಅಂತಹ ಹಣ್ಣು ಬಿಡುವುದೇ ಇಲ್ಲ. ನಿಮ್ಮಲ್ಲಿ ಬೆಳೆದಿರುವುದು ಬಹುತೇಕ ಮೊನಾರ್ಡಾ, ಉತ್ತರ ಅಮೆರಿಕ ಮೂಲದ ಪುದೀನ ಕುಟುಂಬದ ಗಿಡ; ಎಲೆಯ ವಾಸನೆ ಹಣ್ಣನ್ನು ನೆನಪಿಸುತ್ತದೆಂದು ಅದಕ್ಕೂ ಅದೇ ಹೆಸರು ಬಿತ್ತು. ಅದು ಮೊನಾರ್ಡಾ ಹೌದೆಂದು ಖಚಿತವಾದ ಮೇಲೆ, ಹೂ ಬಿಡುವ ಮುನ್ನ ಎಳೆ ಎಲೆಗಳನ್ನು ಬೆಳಿಗ್ಗೆ ಚಿವುಟಿ ಬಿಸಿನೀರಿನಲ್ಲಿ ಐದು ನಿಮಿಷ ನೆನೆಸಿ ಕುಡಿಯಬಹುದು, ಹೂವಿನ ಎಸಳುಗಳನ್ನು ಸಲಾಡಿಗೆ ಉದುರಿಸಬಹುದು. ಬರ್ಗಮಾಟ್ ಹಣ್ಣೇ ಬೇಕಿದ್ದರೆ ಬೀಜದ ಪೊಟ್ಟಣ ಬಿಟ್ಟು ನರ್ಸರಿಯಿಂದ ಕಸಿ ಗಿಡವನ್ನೇ ತನ್ನಿ.