ಎರಡು ಪದವಿ, ಒಂದು ಮಂಗಳವಾರ

ಓದಿನ ಆಯ್ಕೆಗೆ ಸಲಹೆ ಕೇಳಲು ಬಂದವಳು, ಪ್ರವೇಶ ಸಿಕ್ಕಿದೆ ಎಂಬ ಎರಡು ಪತ್ರಗಳನ್ನು ನನ್ನ ಮೇಜಿನ ಮೇಲಿಟ್ಟು, ಅಂಚಿಗೆ ಅಂಚು ಹೊಂದಿಸಿ ಕುಳಿತಳು. ಒಂದು ಅಮೆರಿಕದಲ್ಲಿ ಅವಳದೇ ರಾಜ್ಯದ ಸರ್ಕಾರಿ ವೈದ್ಯಕೀಯ ಶಾಲೆಯ ಎಂ.ಡಿ.; ನಾಲ್ಕು ವರ್ಷ, ಖರ್ಚೆಲ್ಲ ಮನೆಯವರ ತಲೆಯ ಮೇಲೆ. ಇನ್ನೊಂದು ಎಂ.ಡಿ.-ಪಿಎಚ್‌.ಡಿ. ಜೋಡಿ ಕೋರ್ಸು, ಸುಮಾರು ಎಂಟು ವರ್ಷ, ಶುಲ್ಕ ಪೂರ್ತಿ ಮನ್ನಾ, ಜೊತೆಗೆ ಶಿಷ್ಯವೇತನ. ಏಪ್ರಿಲ್ 30ರೊಳಗೆ ಒಂದನ್ನು ಬಿಟ್ಟುಕೊಡಬೇಕು. ನನ್ನ ಬಳಿ ಬಂದದ್ದು ಮಾರ್ಚ್ ಕೊನೆಯ ವಾರ.

ಅವಳನ್ನು ಮೇಧಾ ಎನ್ನೋಣ. ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ವಯಸ್ಸು 24. ತಂದೆತಾಯಿ ಹಾಸನದ ಕಡೆಯವರು, ಅಮೆರಿಕಕ್ಕೆ ಬಂದು ಕಾಲು ಶತಮಾನವಾಗಿದೆ. ಕಾಲೇಜು ಮುಗಿದ ಮೇಲೆ ಮೇಧಾ ಎರಡು ವರ್ಷ ಒಂದು ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದಳು. ಕೆಲಸ ಸಿಕಲ್ ಸೆಲ್ ಕಾಯಿಲೆಯ ಮೇಲೆ; ರಕ್ತಕಣಗಳು ಕುಡುಗೋಲಿನಂತೆ ಬಾಗಿ ತೀವ್ರ ನೋವು ತರುವ ಆನುವಂಶಿಕ ಕಾಯಿಲೆ ಅದು.

ಮೊದಲ ದಿನ ಮನೆಮಂದಿಯೆಲ್ಲ ಬಂದಿದ್ದರು. "ಎಂಟು ವರ್ಷ ಓದು, ಆಮೇಲೆ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ತರಬೇತಿ ಎಂದು ಇನ್ನೂ ಮೂರೋ ಐದೋ ವರ್ಷ. ಇವಳ ಮದುವೆ ಯಾವಾಗ ಮೇಡಂ?" ಎಂದು ತಾಯಿ ಕೇಳಿದರು. "ಪುಕ್ಕಟೆ ಸಿಗುವ ಓದನ್ನು ಯಾರಾದರೂ ಬಿಡುತ್ತಾರೆಯೇ? ನೀವೇ ಹೇಳಿ" ಎಂದರು ತಂದೆ. ಹಾಸನದಿಂದ ಮೊಬೈಲಿನಲ್ಲಿ ಸೇರಿಕೊಂಡಿದ್ದ ಅಜ್ಜನಿಗೆ ಬೇರೆಯದೇ ತಕರಾರು: "ಎಂ.ಬಿ.ಬಿ.ಎಸ್. ಮಾಡದೆ ನೇರವಾಗಿ ಎಂ.ಡಿ. ಕೊಡುವ ಊರು ಯಾವುದಮ್ಮ?" ಅಜ್ಜನ ಪ್ರಶ್ನೆ ನ್ಯಾಯವಾದದ್ದೇ. ಭಾರತದಲ್ಲಿ ಎಂ.ಡಿ. ಸ್ನಾತಕೋತ್ತರ ಪದವಿ; ಅಮೆರಿಕದಲ್ಲಿ ಬೇರೆ ಪದವಿ ಮುಗಿಸಿ ಬಂದವರಿಗೆ ಕೊಡುವ ಮೊದಲ ವೈದ್ಯಕೀಯ ಪದವಿಯೇ ಎಂ.ಡಿ.

ಜೋಡಿ ಕೋರ್ಸು ಹೊಸತೇನಲ್ಲ. ರೋಗಿಯ ಹಾಸಿಗೆಯನ್ನೂ ಪ್ರಯೋಗಾಲಯವನ್ನೂ ಬಲ್ಲವರು ಬೇಕೆಂದು ಅಲ್ಲಿನ ಕೇಂದ್ರ ಸರ್ಕಾರದ, ವೈದ್ಯಕೀಯ ಸಂಶೋಧನೆ ನೋಡಿಕೊಳ್ಳುವ ಎನ್‌.ಐ.ಎಚ್. ಸಂಸ್ಥೆ 1964ರಿಂದ ಇದಕ್ಕೆ ಹಣ ಕೊಡುತ್ತಿದೆ. ಸಾಮಾನ್ಯವಾಗಿ ಎರಡು ವರ್ಷ ವೈದ್ಯಕೀಯ ಪಾಠ, ನಡುವೆ ನಾಲ್ಕು ವರ್ಷದಷ್ಟು ಪಿಎಚ್‌.ಡಿ., ಮತ್ತೆ ಎರಡು ವರ್ಷ ವಾರ್ಡು. ಆ ಹಣ ಅಮೆರಿಕದ ನಾಗರಿಕರಿಗೆ ಮತ್ತು ಕಾಯಂ ವಾಸದ ಹಸಿರು ಕಾರ್ಡಿನವರಿಗೆ ಮಾತ್ರ. ಎಚ್-1ಬಿ ವೀಸಾದ ಮನೆಗಳ ಮಕ್ಕಳು ಇದನ್ನು ತಡವಾಗಿ ತಿಳಿದು ಪೇಚಾಡುವುದನ್ನು ಕಂಡಿದ್ದೇನೆ. ಮೇಧಾ ಅಲ್ಲಿಯೇ ಹುಟ್ಟಿದವಳು, ಆ ತೊಡಕು ಇರಲಿಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮೊದಲ ಅರ್ಧ ಗಂಟೆಯಲ್ಲೇ ನನ್ನ ಟಿಪ್ಪಣಿ ಪುಸ್ತಕದಲ್ಲಿ "ಜೋಡಿ ಕೋರ್ಸು, ಅನುಮಾನವಿಲ್ಲ" ಎಂದು ಬರೆದುಕೊಂಡಿದ್ದೆ. ಅಂಕ ಚೆನ್ನಾಗಿತ್ತು, ಲ್ಯಾಬಿನ ಅನುಭವವಿತ್ತು, ಸಾಲ ಇರಲಿಲ್ಲ. ತಂದೆಯನ್ನು ಕುರುಡು ಮಾಡಿದ್ದ ಪುಕ್ಕಟೆ ನನ್ನನ್ನೂ ಬಿಟ್ಟಿರಲಿಲ್ಲ.

ಎರಡನೆಯ ಭೇಟಿಗೆ ಒಬ್ಬಳೇ ಬರಲಿ ಎಂದೆ. ಬಂದವಳಿಗೆ ಕೇಳಿದೆ: "ಎರಡೂ ಕಡೆ ಒಂದು ಡಾಲರೂ ಕೊಡಬೇಕಾಗಿಲ್ಲ ಎಂದುಕೋ. ಯಾವುದಕ್ಕೆ ಹೋಗುತ್ತೀಯ?" ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗೆ ಯೋಚಿಸಲೇ ಇಲ್ಲ ಆಂಟಿ" ಎಂದಳು. ತಂದೆಯ ಸಾಫ್ಟ್‌ವೇರ್ ಕೆಲಸ ಡಿಸೆಂಬರಿನಲ್ಲಿ ಹೋಗಿತ್ತು. ಮುಂದಿನ ವರ್ಷ ತಮ್ಮ ಕಾಲೇಜಿಗೆ. ತಾಯಿಯ ಔಷಧಿ ಅಂಗಡಿಯ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ಮೊದಲ ದಿನ ಮೂವರು ದೊಡ್ಡವರಲ್ಲಿ ಒಬ್ಬರೂ ಇದನ್ನು ಬಾಯಿ ಬಿಟ್ಟಿರಲಿಲ್ಲ.

ಹಾಗಾಗಿ ಮೊದಲು ಲೆಕ್ಕಕ್ಕೆ ಕೂತೆವು. ಅವಳ ಸರ್ಕಾರಿ ಶಾಲೆಯಲ್ಲಿ ಶುಲ್ಕ, ಮನೆ ಬಾಡಿಗೆ, ಊಟ ಸೇರಿ ವರ್ಷಕ್ಕೆ 65,000 ಡಾಲರ್, ನಾಲ್ಕು ವರ್ಷಕ್ಕೆ 2.6 ಲಕ್ಷ. ಜೋಡಿ ಕೋರ್ಸಿನಲ್ಲಿ ಅದು ಉಳಿಯುತ್ತದೆ, ಮೇಲೆ ವರ್ಷಕ್ಕೆ ಸುಮಾರು 40,000 ಶಿಷ್ಯವೇತನ. ಎಂಟು ವರ್ಷಕ್ಕೆ 3.2 ಲಕ್ಷ. ಒಟ್ಟು 5.8 ಲಕ್ಷದ ಅನುಕೂಲ. ಆದರೆ ವೈದ್ಯೆಯಾಗಿ ದುಡಿಯುವ ನಾಲ್ಕು ವರ್ಷ ಕೈಬಿಡುತ್ತವೆ. ತರಬೇತಿ ಮುಗಿಸಿದ ಫಿಜಿಷಿಯನ್ ವರ್ಷಕ್ಕೆ ಎರಡೂವರೆ ಲಕ್ಷ ದುಡಿಯುತ್ತಾರೆ ಎಂದಿಟ್ಟುಕೊಂಡರೂ ಅದು ಹತ್ತು ಲಕ್ಷ. ತೆರಿಗೆ, ಬಡ್ಡಿ ಕಳೆದರೆ ಅಂತರ ಕುಗ್ಗುತ್ತದೆ, ಪುಕ್ಕಟೆ ಎಂಬ ಪದ ಮಾತ್ರ ಉಳಿಯುವುದಿಲ್ಲ. ಮೇಧಾ ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ಹಾಕಿ ನೋಡಿದಳು.

ಅಷ್ಟಾದರೂ ಅವಳಿಗೆ ಬೇಕಾದದ್ದೇನು ಎಂಬುದು ಇತ್ಯರ್ಥವಾಗಿರಲಿಲ್ಲ. "ಸಂಶೋಧನೆ ಇಷ್ಟವೇ?" ಎಂದು ಕೇಳಿ ಪ್ರಯೋಜನವಿಲ್ಲ, ಸಂದರ್ಶನಕ್ಕೆಂದು ಕಲಿತ ಉತ್ತರವೇ ಬರುತ್ತದೆ. ಅದಕ್ಕೇ ಒಂದು ಕೆಲಸ ಕೊಟ್ಟೆ. ಮೂವರನ್ನು ಕಾಣಬೇಕು: ಎರಡೂ ಪದವಿ ಪಡೆದು ಸ್ವಂತ ಲ್ಯಾಬ್ ನಡೆಸುವ ಒಬ್ಬರು, ಬರೀ ಎಂ.ಡಿ. ಮಾಡಿ ರೋಗಿಗಳ ಮೇಲೆ ಅಧ್ಯಯನ ನಡೆಸುವ ಒಬ್ಬರು, ಜೋಡಿ ಕೋರ್ಸಿನ ಏಳನೆಯ ವರ್ಷದಲ್ಲಿರುವ ಒಬ್ಬ ವಿದ್ಯಾರ್ಥಿ. ಮೂವರಿಗೂ ಒಂದೇ ಪ್ರಶ್ನೆ: "ಕಳೆದ ಮಂಗಳವಾರ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ?"

ಹತ್ತು ದಿನದ ನಂತರ ಕೈಬರಹದ ಹಾಳೆಗಳೊಂದಿಗೆ ಬಂದಳು. ಲ್ಯಾಬ್ ನಡೆಸುವವರ ಮಂಗಳವಾರ ಅರ್ಧ ಪುಟದಲ್ಲಿ ಮುಗಿದಿತ್ತು: ಬೆಳಗ್ಗೆ ಅನುದಾನದ ಅರ್ಜಿ, ಲ್ಯಾಬ್ ಸಭೆ, ಕಿರಿಯರ ಲೇಖನ ತಿದ್ದುವುದು, ಇಲಿಗಳ ಪ್ರಯೋಗಕ್ಕೆ ಸಮಿತಿಯ ಅನುಮತಿ ಪತ್ರ, ಮತ್ತೆ ಅನುದಾನದ ಅರ್ಜಿ. ರೋಗಿಗಳು ಗುರುವಾರ ಅರ್ಧ ದಿನ. ಏಳನೆಯ ವರ್ಷದ ಹುಡುಗ ವಾರ್ಡಿಗೆ ಮರಳಿದ ಹೊಸತು. ಜೊತೆಗೆ ಸೇರಿದ್ದವರು ರೆಸಿಡೆಂಟರಾಗಿ ಈಗ ಇವನಿಗೆ ಕೆಲಸ ಹೇಳುತ್ತಿದ್ದರು, ಎದೆಬಡಿತ ಆಲಿಸುವುದನ್ನು ಹೊಸದಾಗಿ ಕಲಿಯುತ್ತಿದ್ದ. ಆದರೂ ಖುಷಿಯಾಗಿದ್ದಾನೆ ಎಂದು ಅಡಿಗೆರೆ ಎಳೆದು ಬರೆದಿದ್ದಳು. ಎಂ.ಡಿ. ಮಾತ್ರ ಮಾಡಿದವರ ಮಂಗಳವಾರಕ್ಕೆ ಎರಡೂವರೆ ಪುಟ. ಹನ್ನೊಂದು ರೋಗಿಗಳು, ಅಂಕಿಅಂಶ ತಜ್ಞರೊಡನೆ ಜಗಳ, ಸಂಜೆ ರಕ್ತ ಕೊಡುವುದರ ಬಗ್ಗೆ ಒಬ್ಬ ತಾಯಿಗೆ ವಿವರಣೆ.

ಪುಟಗಳ ಉದ್ದವನ್ನು ತೋರಿಸಿದೆ. "ಅವರು ಹೆಚ್ಚು ಮಾತಾಡಿದರು, ಅಷ್ಟೇ" ಎಂದಳು. ಇರಬಹುದು. ಒಂದೇ ಕುರುಹನ್ನು ನಾನೂ ನಂಬುವುದಿಲ್ಲ.

"ಲ್ಯಾಬಿನಲ್ಲಿ ನಿನ್ನ ಪ್ರಶ್ನೆ ಯಾವುದಾಗಿತ್ತು?" ಎಂದು ಕೇಳಿದೆ. ತಡವರಿಸದೆ ಹೇಳಿದಳು, ಆದರೆ ಅದು ಅವಳ ಮೇಲ್ವಿಚಾರಕರ ಪ್ರಶ್ನೆ, ಅವರ ಅನುದಾನದ ಅರ್ಜಿಯ ಭಾಷೆಯಲ್ಲಿ. "ನಿನ್ನದು?" ಎಂದೆ. ಆಗ ಬಂದದ್ದು ಲ್ಯಾಬಿನ ಮಾತಲ್ಲ. ಕ್ಲಿನಿಕ್ಕಿನಲ್ಲಿ ಕಂಡ ಒಂಬತ್ತು ವರ್ಷದ ಹುಡುಗ. ಮೂಳೆ ಹಿಂಡುವ ನೋವಿನಲ್ಲಿ ತುರ್ತು ವಿಭಾಗದಲ್ಲಿ ನಾಲ್ಕು ಗಂಟೆ ಕಾದವನು. ಔಷಧಿ ಕಪಾಟಿನಲ್ಲೇ ಇತ್ತು. "ಯಾಕೆ ಕೊಡಲಿಲ್ಲ? ಮಗುವಿನ ನೋವು ಯಾರಿಗೂ ನಿಜ ಅನಿಸಲಿಲ್ಲವೇ?" ಎಂದು ಕೇಳುವಾಗ ಅವಳ ಬೆರಳು ಮೇಜನ್ನು ಕುಟ್ಟುತ್ತಿತ್ತು.

ಅದೂ ಸಂಶೋಧನೆಯೇ ಎಂದು ಹೇಳಿದೆ. ಆದರೆ ಅದಕ್ಕೆ ಇಲಿ ಬೇಡ. ಆಸ್ಪತ್ರೆಯ ದಾಖಲೆ ಬೇಕು, ಅಂಕಿಅಂಶ ಬೇಕು, ಜನರ ಜೊತೆ ಮಾತು ಬೇಕು. ಕೆಲವು ಶಾಲೆಗಳಲ್ಲಿ ಸಾರ್ವಜನಿಕ ಆರೋಗ್ಯದಲ್ಲೇ ಪಿಎಚ್‌.ಡಿ. ಮಾಡಬಹುದು, ಅವಳಿಗೆ ಸಿಕ್ಕ ಕೋರ್ಸಿನಲ್ಲಿ ಆ ದಾರಿ ಇರಲಿಲ್ಲ.

"ಪಿಎಚ್‌.ಡಿ. ಇಲ್ಲದಿದ್ದರೆ ಸಂಶೋಧನೆಯ ಬಾಗಿಲು ಮುಚ್ಚುತ್ತದೆಯಲ್ಲ?" ಎಂಬುದು ಉಳಿದ ಭಯ. 2019ರ ವೈದ್ಯಕೀಯ ನೊಬೆಲ್ ಹಂಚಿಕೊಂಡ ಅಮೆರಿಕದ ಇಬ್ಬರನ್ನು ನೆನಪಿಸಿದೆ. ಗ್ರೆಗ್ ಸೆಮೆನ್ಜಾ ಅವರಿಗೆ ಎಂ.ಡಿ., ಪಿಎಚ್‌.ಡಿ. ಎರಡೂ ಇವೆ. ವಿಲಿಯಂ ಕೇಲಿನ್ ಅವರದು ಎಂ.ಡಿ. ಮಾತ್ರ, ವಿದ್ಯಾರ್ಥಿಯಾಗಿದ್ದಾಗ, ಇವನ ಭವಿಷ್ಯ ಲ್ಯಾಬಿನ ಹೊರಗಿದೆ ಎಂಬರ್ಥದ ಷರಾ ಪಡೆದವರು. ಪಿಎಚ್‌.ಡಿ. ಇಲ್ಲದವರು ರೆಸಿಡೆನ್ಸಿಯ ನಂತರ ಕೆಲವು ವರ್ಷ ಲ್ಯಾಬಿನಲ್ಲಿ ಕೂತು ಕಲಿಯಬೇಕಾಗುತ್ತದೆ. ಬೆವರು ಕಡಿಮೆಯಾಗುವುದಿಲ್ಲ, ಸುರಿಸುವ ವಯಸ್ಸು ಬೇರೆ.

ನಾನು ಕೊಟ್ಟ ಸಲಹೆ ಎಂ.ಡಿ. ಇದೇ ಪ್ರಶ್ನೆ ತಂದಿದ್ದ ಇನ್ನೊಬ್ಬ ಹುಡುಗನಿಗೆ ಇದರ ಉಲ್ಟಾ ಹೇಳಿದ್ದೆ. ಅವನು ಕೆಟ್ಟುಹೋದ ಪ್ರಯೋಗಗಳಿಗೆಂದೇ ಬೇರೆ ನೋಟ್‌ಬುಕ್ ಇಟ್ಟಿದ್ದ, ಶುಲ್ಕ ಕೊಟ್ಟಾದರೂ ಸೇರುತ್ತೇನೆ ಎಂದಿದ್ದ.

ಮೇಧಾಳ ಚಿಕ್ಕಪ್ಪ ಒಂದು ಉಪಾಯ ಹೇಳಿಕೊಟ್ಟಿದ್ದರು: ಜೋಡಿ ಕೋರ್ಸಿಗೆ ಸೇರಿ, ಮೊದಲೆರಡು ವರ್ಷ ಪುಕ್ಕಟೆ ಓದಿ, ಪಿಎಚ್‌.ಡಿ. ಬಿಟ್ಟುಬಿಡು. ಇದಕ್ಕೆ ನಾನು ಖಡಾಖಂಡಿತವಾಗಿ ಬೇಡ ಎಂದೆ. ಬಿಟ್ಟವರಿಂದ ಶುಲ್ಕ ವಾಪಸು ಕೇಳುವ ಶಾಲೆಗಳಿವೆ, ಪತ್ರದ ಸಣ್ಣ ಅಕ್ಷರ ಓದಬೇಕು. ಅದಕ್ಕಿಂತ, ಕಾಯುವ ಪಟ್ಟಿಯಲ್ಲಿ ನಿಜವಾಗಿ ಬಯಸುವ ಯಾರೋ ಇರುತ್ತಾರೆ.

ಸಾಲದ ವಿಷಯ ಕೊನೆಗೆ, ತಂದೆಯನ್ನೂ ಕೂರಿಸಿಕೊಂಡು ಮಾತಾಡಿದೆವು. ಲಾಭರಹಿತ ಆಸ್ಪತ್ರೆಯಲ್ಲಿ ದುಡಿಯುತ್ತ 120 ಮಾಸಿಕ ಕಂತು ಕಟ್ಟಿದರೆ ಕೇಂದ್ರ ಸರ್ಕಾರ ಕೊಟ್ಟ ಶಿಕ್ಷಣ ಸಾಲದಲ್ಲಿ ಉಳಿದದ್ದು ಮನ್ನಾ ಆಗುತ್ತದೆ. ಅಂಥ ಆಸ್ಪತ್ರೆಯ ರೆಸಿಡೆನ್ಸಿಯ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಸಂಶೋಧನೆಗೆ ತೊಡಗುವ ವೈದ್ಯರ ಸಾಲವನ್ನು ಎನ್‌.ಐ.ಎಚ್. ವರ್ಷಕ್ಕೆ 50,000 ಡಾಲರ್‌ವರೆಗೆ ತೀರಿಸುವ ಯೋಜನೆಯೂ ಇದೆ. ಅರ್ಜಿ ಹಾಕಿ ಗೆಲ್ಲಬೇಕು. ಮೇಧಾಳದು ಕೆಲವು ವರ್ಷದ ಹಿಂದಿನ ಮಾತು. ಈಗ ಹೊರಟವರು ಗಮನಿಸಬೇಕು, 2025ರ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸ ವೈದ್ಯಕೀಯ ವಿದ್ಯಾರ್ಥಿಗಳಿಗೆ ಕೇಂದ್ರ ಸಾಲ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್ ಮೀರುವಂತಿಲ್ಲ. ಮೇಧಾಳ ಲೆಕ್ಕವೇ ಇಂದು ಆ ಮಿತಿಯೊಳಗೆ ಹಿಡಿಯುತ್ತಿರಲಿಲ್ಲ.

ತಂದೆ ಕಾಗದ ಮಡಚಿ ಜೇಬಿಗಿಟ್ಟುಕೊಂಡು, "ನನಗೋಸ್ಕರ ಎಂಟು ವರ್ಷ ಒಪ್ಪಿಕೊಳ್ಳಲು ಹೊರಟಿದ್ದೆಯಾ ಪುಟ್ಟಿ?" ಎಂದು ಕೇಳಿದರು. ಅವಳು ಉತ್ತರ ಕೊಡಲಿಲ್ಲ. ನಾನು ನೀರು ತರುವ ನೆಪದಲ್ಲಿ ಎದ್ದು ಹೋದೆ.

ಗಡುವಿಗೆ ಹನ್ನೊಂದು ದಿನ ಇರುವಾಗಲೇ ಜೋಡಿ ಕೋರ್ಸಿನ ಸೀಟು ಬಿಟ್ಟುಕೊಟ್ಟಳು. ಮೊಮ್ಮಗಳು ಎಂ.ಬಿ.ಬಿ.ಎಸ್. ಹಾರಿಸಿ ಎಂ.ಡಿ. ಮಾಡುತ್ತಿದ್ದಾಳೆ ಎಂದು ಅಜ್ಜ ಹಾಸನದಲ್ಲಿ ಈಗಲೂ ಹೇಳಿಕೊಳ್ಳುತ್ತಾರಂತೆ. ಮೂರನೆಯ ವರ್ಷ ಮುಗಿಯುತ್ತಿದ್ದಂತೆ ಅವಳಿಂದ ಪತ್ರ ಬಂತು. ಸಂಶೋಧನೆಗೆಂದು ಓದಿನಿಂದ ಒಂದು ವರ್ಷ ರಜೆ ಪಡೆದು, ತುರ್ತು ವಿಭಾಗದಲ್ಲಿ ಸಿಕಲ್ ಸೆಲ್ ಮಕ್ಕಳು ಎಷ್ಟು ಹೊತ್ತು ಕಾಯುತ್ತಾರೆ ಎಂಬ ದಾಖಲೆ ಕೇಳಿದ್ದಾಳೆ. ಆಸ್ಪತ್ರೆಯ ನೈತಿಕ ಸಮಿತಿ ಅರ್ಜಿಯನ್ನು ಎರಡು ಸಲ ಹಿಂದಿರುಗಿಸಿದೆ. ಮೂರನೆಯ ಸಲಕ್ಕೆ ತಿದ್ದುತ್ತಿದ್ದೇನೆ ಎಂದು ಬರೆದಿದ್ದಾಳೆ.