ಪಹಣಿ ಅಪ್ಪನ ಹೆಸರಲ್ಲಿ, ಕಿಸಾನ್ ಹಣ ಯಾರಿಗೆ?

ಪಿಎಂ ಕಿಸಾನ್ ಬಗ್ಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ 'ಮುಂದಿನ ಕಂತು ಯಾವಾಗ?' ಅಂತಲೇ ಇರುತ್ತವೆ. ರೈತ ಕುಟುಂಬಕ್ಕೆ ಕೇಂದ್ರ ಸರ್ಕಾರ ಕೊಡುವುದು ನಾಲ್ಕು ತಿಂಗಳಿಗೊಮ್ಮೆ 2,000 ರೂಪಾಯಿ. ತಾರೀಕು ದೆಹಲಿಯವರು ಹೇಳಿದಾಗಲೇ ಎಲ್ಲರಿಗೂ ಗೊತ್ತಾಗುವುದು. ದಯವಿಟ್ಟು ಅದನ್ನು ಕೇಳಿ ಬರೆಯಬೇಡಿ. ಓದುಗರ ಉಳಿದ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ತಂದೆ ತೀರಿಕೊಂಡು ಎರಡು ವರ್ಷವಾಯಿತು. ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ. ನಾವು ಮೂವರು ಅಣ್ಣತಮ್ಮಂದಿರು, ಭಾಗ ಆಗಿಲ್ಲ. ನಿಂತುಹೋದ ಕಿಸಾನ್ ಹಣ ಮತ್ತೆ ಶುರು ಮಾಡಿಸುವುದು ಹೇಗೆ?

ತಂದೆಯ ಹೆಸರಲ್ಲಿ ಶುರು ಆಗುವುದಿಲ್ಲ, ಆಗಲೂಬಾರದು. ಅವರು ಹೋದ ಮೇಲೆ ಬಂದ ಕಂತುಗಳನ್ನು ಅವರ ಎಟಿಎಂ ಕಾರ್ಡಿನಿಂದ ತೆಗೆದಿದ್ದರೆ, ಆ ಹಣ ವಾಪಸ್ ಕಟ್ಟಲು ತಯಾರಾಗಿರಿ.

ಭಾಗ ಆಗದೆ ಏನೂ ಮಾಡಕ್ಕಾಗಲ್ಲ ಎಂಬ ಮಾತನ್ನು ಯಾರು ಹುಟ್ಟುಹಾಕಿದರೋ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಭಾಗ ಬೇಕಿಲ್ಲ. ವಾರಸುದಾರರೆಲ್ಲರ ಹೆಸರು ಪಹಣಿಗೆ ಜಂಟಿಯಾಗಿ ಬಂದರೆ ಸಾಕು. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ. ತಾಯಿಯ, ಅಕ್ಕತಂಗಿಯರ ಹೆಸರು ಬಿಟ್ಟು ವಂಶವೃಕ್ಷ ಮಾಡಿಸುವ ಜಾಣತನ ಬೇಡ. ಯಾರಾದರೂ ತಕರಾರು ಹಾಕಿದರೆ ಮ್ಯುಟೇಶನ್ (ಪಹಣಿಯಲ್ಲಿ ಹೆಸರು ಬದಲಾವಣೆ) ಅಲ್ಲೇ ಕೂರುತ್ತದೆ.

ಜಂಟಿ ಪಹಣಿಯಾದರೆ ಒಬ್ಬರಿಗೇ ಹಣ ಅಂತ ಜಗಳ ಆಡುವವರಿದ್ದಾರೆ. ಸುಮ್ನೆ ಜಗಳ. ಈ ಯೋಜನೆಯಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, 18 ತುಂಬದ ಮಕ್ಕಳು. ಮದುವೆಯಾದ ಮೂವರು ಅಣ್ಣತಮ್ಮಂದಿರು ಅಂದರೆ ಮೂರು ಕುಟುಂಬ. ಅರ್ಹತೆ ಇದ್ದರೆ ಪ್ರತಿ ಕುಟುಂಬಕ್ಕೂ ವರ್ಷಕ್ಕೆ 6,000.

ಆದರೆ ಒಂದು ಗೆರೆ ಇದೆ. 2019ರ ಫೆಬ್ರುವರಿ 1ರ ನಂತರ ಜಮೀನಿನ ಮಾಲೀಕರಾದವರಿಗೆ ಈ ಹಣವಿಲ್ಲ. ಮಾಲೀಕರು ತೀರಿಕೊಂಡು ವಾರಸಿನಲ್ಲಿ ಬಂದಿದ್ದರೆ ಮಾತ್ರ ವಿನಾಯಿತಿ. ಅರ್ಜಿಯಲ್ಲಿ ಜಮೀನು ಹೇಗೆ ಬಂತು ಎಂಬಲ್ಲಿ ಅದನ್ನು ಸರಿಯಾಗಿ ತುಂಬಿಸಿ. ಕಂಪ್ಯೂಟರ್ ಮುಂದೆ ಕೂತವರು ಆತುರದಲ್ಲಿ ಏನೋ ಒಂದು ಒತ್ತಿಬಿಡುತ್ತಾರೆ, ಪಕ್ಕದಲ್ಲೇ ನಿಂತು ನೋಡಿ. ಹಣಕ್ಕಾಗಿ ಅಪ್ಪ ಬದುಕಿರುವಾಗಲೇ ಮಕ್ಕಳ ಹೆಸರಿಗೆ ಎಕರೆ ಎಕರೆ ದಾನಪತ್ರ ಬರೆಸಿದವರು ಮುದ್ರಾಂಕ ಶುಲ್ಕ ಕಟ್ಟಿದ್ದಷ್ಟೇ ಬಂತು.

ಖಾತೆ ಆದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಒಬ್ಬೊಬ್ಬರೂ ತಮ್ಮ ಎಫ್‌ಐಡಿಗೆ (ರೈತರ ಗುರುತಿನ ಸಂಖ್ಯೆಗೆ) ಆ ಸರ್ವೆ ನಂಬರ್ ಸೇರಿಸಿಕೊಳ್ಳಿ. ಇದನ್ನು ಮರೆಯುವವರೇ ಜಾಸ್ತಿ. ನಾಳೆ ಬೆಳೆ ಪರಿಹಾರ ಬಂದರೂ ರಾಜ್ಯದ ರೈತರ ಮಾಹಿತಿ ಇರುವ ಫ್ರೂಟ್ಸ್ ತಂತ್ರಾಂಶದ ಈ ದಾಖಲೆಯನ್ನೇ ನೋಡುತ್ತಾರೆ. ಆಮೇಲೆ ಕಿಸಾನ್ ಹಣಕ್ಕೆ ಹೊಸ ಅರ್ಜಿ, ಆಧಾರ್ ಮೂಲಕ ಗುರುತು ಖಚಿತಪಡಿಸುವ ಇ-ಕೆವೈಸಿ.

ಬ್ಯಾಂಕಿಗೆ ಆಧಾರ್ ಕೊಟ್ಟಿದ್ದೇನೆ. ಆದರೂ ಹಣ ಬಂದಿಲ್ಲ.

ಬೇರೆ ಬ್ಯಾಂಕಿನ ಖಾತೆಗೆ ಹೋಗಿರಬಹುದು. ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐನಲ್ಲಿ ನಿಮ್ಮ ಆಧಾರ್‌ಗೆ ಯಾವ ಖಾತೆ ಜೋಡಣೆ ಆಗಿದೆಯೋ ಅಲ್ಲಿಗೇ ಹಣ ಬರುವುದು. ಅಂಚೆ ಬ್ಯಾಂಕಿನಲ್ಲಿ ಖಾತೆ ತೆರೆದು ಮರೆತಿದ್ದೀರಾ, ನೋಡಿ.

ಕಿಸಾನ್ ಹಣದ ಜೊತೆಗೆ ರಾಜ್ಯ ಸರ್ಕಾರ ಕೊಡುತ್ತಿದ್ದ 4,000 ಯಾಕೆ ಬಂದಿಲ್ಲ?

2023ರಲ್ಲೇ ನಿಂತಿದೆ.

ನಾನು ನಿವೃತ್ತ ಮೇಷ್ಟ್ರು. ಎರಡು ಎಕರೆ ಇದೆ. ಅರ್ಜಿ ಹಾಕಬಹುದಾ?

ಇಲ್ಲ. ಸರ್ಕಾರಿ ಕೆಲಸದಿಂದ ನಿವೃತ್ತರಾದವರಲ್ಲಿ ಡಿ ದರ್ಜೆಯವರಿಗೆ ಮಾತ್ರ ರಿಯಾಯಿತಿ.

ವಾಟ್ಸಾಪಿನಲ್ಲಿ ಪಿಎಂ ಕಿಸಾನ್ ಆ್ಯಪ್ ಬಂದಿದೆ. ಹಾಕಿಕೊಳ್ಳಲಾ?

ಬೇಡ. ಹೀಗೆ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಕಳಿಸುವವರು ನಿಮ್ಮ ಖಾತೆ ಖಾಲಿ ಮಾಡಲು ಕೂತವರು. ಒತ್ತಿದ್ದರೆ ಈಗಲೇ ಇಂಟರ್ನೆಟ್ ಆಫ್ ಮಾಡಿ, ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನನಗೆ ಪತ್ರ ಬರೆಯುತ್ತಾ ಕೂರಬೇಡಿ.